ಕೆ ಅಂದರೆ ಯಾರು?

ವಿಲೆಟನ್, ಪರ್ತ್
ಭಾನುವಾರ, ೧೦ ಜನವರಿ ೨೦೧೬

ಮನೆಯಲ್ಲಿಲ್ಲದ ನಮ್ಮ ಮನೆಯವರಿಗೆ,

ಜಯಲಕ್ಷ್ಮಿ ಬರೆಯುವುದು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಿಮಗೆ ನಾನು ಬರೆಯುತ್ತಿರುವ ಎರಡನೇ ಕಾಗದ ಇದು. ಮೊದಲನೆಯದು ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಬರೆದದ್ದು. ಅದರಲ್ಲಿ ಸೌಜನ್ಯಳ ತೂಕ ಬಿಟ್ಟರೆ ಬೇರೇನೂ ಇರಲಿಲ್ಲ ಅಂತ ಎಷ್ಟೋ ವರ್ಷ ರೇಗಿಸುತ್ತಿದ್ದಿರಿ. ಈ ಸಲ ಹೇಳುವುದು ಬೇಕಾದಷ್ಟಿದೆ. ಫೋನಿನಲ್ಲಿ ಹೇಳೋಣವೆಂದರೆ ನೀವು ಊಟ ಆಯಿತಾ ಅನ್ನುತ್ತೀರಿ, ನಾನು ಆಯಿತು ಅನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ.

ಬ್ರಿಸ್ಬೇನಿನಿಂದ ನಿಮ್ಮ ಮೆಸೇಜು ಬಂದು ಆರು ದಿನವಾಯಿತು. ರನ್‌ಕಾರ್ನ್ ಮನೆಯ ಲೀಸು ಈ ತಿಂಗಳ ಕೊನೆಗೆ ಮುಗಿಯುತ್ತೆ, ಇನ್ನೆರಡು ವರ್ಷಕ್ಕೆ ಮಾಡಿಸ್ತಾ ಇದೀನಿ, ವಿಲೆಟನ್ ಮನೆ ಏನು ಮಾಡೋಣ, ಯೋಚನೆ ಮಾಡು ಅಂತ. ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ‘ಮಾಡೋಣ’ ಅಂದರೆ ಇಬ್ಬರೂ ಸೇರಿ ಅಂತ. ‘ಯೋಚನೆ ಮಾಡು’ ಅಂದರೆ ನಾನೊಬ್ಬಳೇ ಅಂತ. ಮನೆ ಮಾರಿ ನನ್ನ ಹತ್ತಿರ ಬಾ ಅನ್ನುತ್ತಿದ್ದೀರೋ, ಮನೆ ನೀನೇ ಇಟ್ಟುಕೊಂಡು ನನ್ನ ಪಾಡಿಗೆ ನನ್ನನ್ನು ಬಿಡು ಅನ್ನುತ್ತಿದ್ದೀರೋ? ಹನ್ನೊಂದು ತಿಂಗಳ ಹಿಂದೆ ನೀವು ಬ್ರಿಸ್ಬೇನಿಗೆ ಹೋದದ್ದು ಕೆಲಸಕ್ಕೋ, ನನ್ನನ್ನು ಬಿಟ್ಟೋ, ಅದೇ ನನಗೆ ತಿಳಿಯದು. ಕೇಳಿದವರಿಗೆಲ್ಲ ಕೆಲಸಕ್ಕೆ ಅಂದಿದ್ದೇನೆ.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ನೀವು ಬಚ್ಚಿಟ್ಟಿದ್ದ ಸ್ಕೋರ್ ಕಾರ್ಡುಗಳು ನನಗೆ ಸಿಕ್ಕಿವೆ. ದಸರಾ ಗೊಂಬೆಯ ಪೆಟ್ಟಿಗೆ ತೆಗೆಯಲು ಗರಾಜಿಗೆ ಹೋಗಿದ್ದೆ. ಅದರ ಅಡಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು. ಥಾರ್ನ್‌ಲಿ ಬೇಸ್‌ಬಾಲ್ ಮೈದಾನದ ಹೆಸರು ಅಚ್ಚಾಗಿದೆ, ತುಂಬ ಪುಟ್ಟ ಪುಟ್ಟ ಚೌಕ, ಚೌಕದೊಳಗೆ ಪೆನ್ಸಿಲಿನಲ್ಲಿ ನಿಮ್ಮ ದುಂಡು ಬರಹ. ತಾರೀಖು ನೋಡಿದೆ. ಎಲ್ಲ ಹಿಂದಿನ ಬೇಸಿಗೆಯ ಶುಕ್ರವಾರ, ಶನಿವಾರ. ಕನ್ಸಲ್ಟಿಂಗ್ ಕೆಲಸ ಇದೆ ಅಂತ ನೀವು ಹೊರಡುತ್ತಿದ್ದ ಸಂಜೆಗಳೇ. ಚೌಕಗಳಲ್ಲಿ ಆರು-ನಾಲ್ಕು-ಮೂರು ಅಂತೇನೋ ಅಂಕಿ, ಅದರ ನಡುವೆ ಎಲ್ಲಿ ನೋಡಿದರೂ ಇಂಗ್ಲಿಷಿನ ಕೆ. ಒಂದು ಸಂಜೆಗೆ ಏಳು ಕೆ, ಇನ್ನೊಂದು ಸಂಜೆಗೆ ಹನ್ನೆರಡು. ಕೆಲವು ಕೆ ಹಿಂದುಮುಂದಾಗಿ ಬರೆದಿದ್ದವು.

ಏನೆಂದುಕೊಂಡಿರಬಹುದು ಹೇಳಿ? ಯಾರಾದರೂ ಆಟ ನೋಡಲು ಹೆಂಡತಿಗೆ ಸುಳ್ಳು ಹೇಳುತ್ತಾರೆಯೇ? ಕೆ ಒಬ್ಬ ಹೆಂಗಸು ಅಂತ ತೀರ್ಮಾನಿಸಿಬಿಟ್ಟೆ. ನಗಬೇಡಿ. ನಮ್ಮ ಕನ್ನಡದವರ ಗುಂಪಿನ ಕೌಸಲ್ಯಳ ಜೊತೆ ಒಂದು ತಿಂಗಳು ಮಾತು ಬಿಟ್ಟೆ. ಪಾಪ, ಅವಳು ದೀಪಾವಳಿಗೆ ಮನೆ ಬಾಗಿಲಿಗೆ ಕೋಡುಬಳೆ ತಂದುಕೊಟ್ಟರೂ ಒಳಗೆ ಕರೆಯಲಿಲ್ಲ. ಅದೇ ಗುಂಪಿನ ಕಿರಣ್ ಅವರ ಹೆಂಡತಿ ಕಲಾವತಿಯ ಮೇಲೂ ಸ್ವಲ್ಪ ದಿನ ಅನುಮಾನ ಇತ್ತು. ಅವಳಿಗೆ ಅರವತ್ತನಾಲ್ಕು ಎಂಬುದು ಆಮೇಲೆ ನೆನಪಾಯಿತು.

ಕೊನೆಗೆ ಡಿಸೆಂಬರಿನಲ್ಲಿ ಒಂದು ಶುಕ್ರವಾರ ಧೈರ್ಯ ಮಾಡಿ, ಕ್ಲಿನಿಕ್ಕಿನ ರಿಸೆಪ್ಷನ್ ಕೆಲಸ ಮುಗಿಸಿ, ಸೀರೆಯಲ್ಲಿ ಬೇಡ ಅಂತ ಪ್ಯಾಂಟು ಹಾಕಿಕೊಂಡು, ಥಾರ್ನ್‌ಲಿಗೆ ಕಾರು ಓಡಿಸಿದೆ. ಕೆಯನ್ನು ಹಿಡಿಯಲು. ಸಣ್ಣ ಮೈದಾನ. ಮಡಚುವ ಕುರ್ಚಿ ತಂದವರು, ಚಿಪ್ಸು ತಿನ್ನುವ ಮಕ್ಕಳು, ನಾಯಿ ತಂದವರೂ ಇದ್ದರು. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಒಬ್ಬ ಬ್ಯಾಟ್ ಬೀಸಿ ಬೀಸಿ ಚೆಂಡು ಸಿಗದೆ ಹೋದ. ಜನ ಕೂಗಿದರು. ಒಬ್ಬ ಮುದುಕ ಎದ್ದು ಹೋಗಿ, ಒಂದು ರಟ್ಟಿನ ಮೇಲೆ ಕೆಂಪಗೆ ಬರೆದ ದೊಡ್ಡ ಕೆ ಅಕ್ಷರವನ್ನು ಬೇಲಿಗೆ ನೇತುಹಾಕಿ ಬಂದ! ಸ್ವಲ್ಪ ಹೊತ್ತಿಗೆ ಇನ್ನೊಂದು ಕೆ. ಅವಳು ಊರಿಗೆಲ್ಲ ಗೊತ್ತಿರುವವಳೇ, ಜಾತ್ರೆ ಮಾಡುತ್ತಿದ್ದಾರೆಯೇ ಅಂದುಕೊಂಡೆ.

ಅಷ್ಟರಲ್ಲಿ ಚೆಂಡೊಂದು ಪುಟಿದು ಬಂದು ನನ್ನ ಕಾಲ ಹತ್ತಿರ ನಿಂತಿತು. ಕ್ರಿಕೆಟ್ಟಿನಲ್ಲಿ ಏನು ಮಾಡುತ್ತೇವೆ? ಎತ್ತಿ ಮೈದಾನಕ್ಕೆ ಎಸೆದೆ. ಅಕ್ಕಪಕ್ಕದ ಜನವೆಲ್ಲ ಗೊಳ್ಳೆಂದು ನಕ್ಕರು. ಪಕ್ಕದಲ್ಲಿ ಷರ್ಲಿ ಅಂತ ಎಪ್ಪತ್ತರ ಹೆಂಗಸು, ಅಯ್ಯೋ ಲವ್, ಅದನ್ನ ಇಟ್ಕೋಬೇಕಿತ್ತು, ಇಲ್ಲಿ ಬಂದ ಚೆಂಡು ಬಂದವರದ್ದೇ ಅಂದಳು. ಆಮೇಲೆ ಹೇಳಿದಳು, ಹೋದ ವರ್ಷ ಒಬ್ಬ ಇಂಡಿಯನ್ ಬರುತ್ತಿದ್ದ, ಚಾಮ್ ಅಂತ, ಎಷ್ಟು ಸಲ ಹೇಳಿದರೂ ಕೇಳದೆ ಬಂದ ಚೆಂಡನ್ನೆಲ್ಲ ವಾಪಸ್ಸು ಎಸೆದುಬಿಡುತ್ತಿದ್ದ, ನಿನಗೆ ಅವನು ಗೊತ್ತಾ ಅಂತ.

ಚಾಮರಾಜ ಎಂಬ ನಿಮ್ಮ ಹೆಸರು ಅವಳ ಬಾಯಲ್ಲಿ ಅಷ್ಟಾಗಿತ್ತು. ನಾನು ಏನಂದೆ ಗೊತ್ತೇ? ಗೊತ್ತಿಲ್ಲ ಅಂದೆ. ಯಾಕೆ ಹಾಗಂದೆನೋ ಇವತ್ತಿಗೂ ತಿಳಿಯದು.

ಕೆ ಅಂದರೆ ಏನು ಅಂತ ಅವಳನ್ನೇ ಕೇಳಿದೆ. ಮೂರು ಸಲ ಚೆಂಡು ತಪ್ಪಿಸಿಕೊಂಡು ಔಟಾದರೆ ಕೆ ಅಂತ ಬರೆಯುತ್ತಾರಂತೆ, ಅಷ್ಟೇ. ನಾನು ನಕ್ಕೆ, ಆಮೇಲೆ ಕಣ್ಣಲ್ಲಿ ನೀರು ಬಂತು, ಷರ್ಲಿ ಬಿಸಿಲಿಗೆ ಅಂದುಕೊಂಡು ತನ್ನ ಟೋಪಿ ಕೊಟ್ಟಳು. ಚಾಮ್ ಒಳ್ಳೆಯವನು, ಒಂದು ದಿನ ತನ್ನ ಕೆಲಸ ಹೋದದ್ದನ್ನು ಹೇಳಿಕೊಂಡ, ಬಾಯಿಬಿಟ್ಟು ಹೇಳಿದ್ದು ನಿನಗೇ ಮೊದಲು ಅಂದಿದ್ದ ಅಂತಲೂ ಹೇಳಿದಳು.

ಕೆ ಹೆಂಗಸಾಗಿದ್ದರೆ ಇದಕ್ಕಿಂತ ಸುಲಭವಿತ್ತು. ನನ್ನೆದುರು ಹೇಳಿಕೊಳ್ಳಲಾಗದ್ದನ್ನು ಯಾರೋ ಷರ್ಲಿಗೆ ಹೇಳಿದಿರಿ. ನಿಮ್ಮದೇನು ತಪ್ಪು? ಡಾಕ್ಟರ್ ಬಸವಂತಪ್ಪನವರ ಮನೆಯ ಊಟದ ದಿನ ನೆನಪಿದೆಯಲ್ಲ? ಗಣಿ ಕಂಪನಿ ನಿಮ್ಮನ್ನು ಬಿಡಿಸಿ ಆಗ ಎರಡು ತಿಂಗಳು, ನನಗೆ ಗೊತ್ತಾದದ್ದೂ ನೀವು ಮೇಜಿನ ಮೇಲಿಟ್ಟ ಕಂಪನಿಯ ಕಾಗದ ಓದಿ. ಈಗೇನು ಮಾಡ್ತಾ ಇದೀರಿ ಅಂತ ಅವರು ನಿಮ್ಮನ್ನು ಕೇಳಿದರು. ನೀವು ಬಾಯಿ ತೆರೆಯುವ ಮೊದಲೇ ನಾನು ಕನ್ಸಲ್ಟಿಂಗ್ ಮಾಡ್ತಾರೆ ಅಂದುಬಿಟ್ಟೆ. ನೀವು ಚಿತ್ರಾನ್ನದ ತಟ್ಟೆ ಇಟ್ಟು ಕಾರಿನಲ್ಲಿ ಹೋಗಿ ಕೂತಿರಿ. ಸೆಖೆ ಅಂತ ಎಲ್ಲರಿಗೂ ಹೇಳಿದೆ. ನನಗೆ ನಾಚಿಕೆಯಾಗಿತ್ತು, ಚಾಮರಾಜ. ನಿಮ್ಮ ಬಗ್ಗೆ ನನಗೆ ನಾಚಿಕೆಯಾಗಿತ್ತು. ಅದು ನಿಮಗೆ ತಿಳಿಯಿತು. ಆಮೇಲೆ ನಾನು ಕಟ್ಟಿದ ಸುಳ್ಳನ್ನೇ ನನಗೆ ಹೇಳಿ ನೀವು ಮನೆಯಿಂದ ಹೊರಡುತ್ತಿದ್ದಿರಿ. ನಾನು ಟಿಫಿನ್ ಕಟ್ಟಿಕೊಡುತ್ತಿದ್ದೆ.

ಅಡಿಲೇಡ್, ಭಾನುವಾರ, ೧೭ ಜನವರಿ

ಕಾಗದ ಮುಗಿಸಲಾಗದೆ ಇಲ್ಲಿಗೆ ತಂದೆ. ಸಂಕ್ರಾಂತಿಗೆ ಮಗಳ ಹತ್ತಿರ ಬಂದಿದ್ದೇನೆ. ಎಳ್ಳುಬೆಲ್ಲವನ್ನು ಅವಳ ಫ್ಲಾಟಿನ ಹುಡುಗಿಯರು ಮೂಸ್ಲಿ ಅಂತ ಹಾಲಿಗೆ ಹಾಕಿಕೊಂಡು ತಿಂದರು.

ನಿನ್ನೆ ಅವಳನ್ನು ಎಳೆದುಕೊಂಡು ನಾರ್‌ವುಡ್ಡಿಗೆ ಆಟಕ್ಕೆ ಹೋದೆ. ಫುಟ್‌ಬಾಲ್ ಆಡುವ ಮೈದಾನದಲ್ಲೇ ಇವರ ಬೇಸ್‌ಬಾಲು. ನಾನೂ ಒಂದು ಕಾರ್ಡು, ಪೆನ್ಸಿಲು ಹಿಡಿದು ಕೂತೆ. ಚೌಕ ತುಂಬಿಸಲು ಹೋಗಿ ಎಲ್ಲ ಗೋಜಲು. ಒಬ್ಬ ಬ್ಯಾಟು ಅಲ್ಲಾಡಿಸದೆ ನಿಂತ, ನಾಲ್ಕು ಚೆಂಡು ದೂರ ಬಂದವು, ಅವನನ್ನು ಮೊದಲನೇ ಮೂಲೆಗೆ ಸುಮ್ಮನೆ ನಡೆದು ಹೋಗು ಅಂದರು. ಮುಂದಿನವನೂ ಹಾಗೇ ನಿಂತ. ಮೂರು ಚೆಂಡು ಅವನ ಎದುರಿಗೇ ಬಂದವು, ಔಟು ಅಂದರು. ಬೀಸದೆ ನಿಂತು ಔಟಾದವನಿಗೆ ಹಿಂದುಮುಂದಾದ ಕೆಯಂತೆ. ನಿಂತೇ ಇದ್ದರೆ ಒಮ್ಮೆ ಬಹುಮಾನ, ಒಮ್ಮೆ ಔಟು. ಯಾವಾಗ ಯಾವುದು ಅಂತ ನಿಂತವನಿಗೆ ಹೇಗೆ ತಿಳಿಯಬೇಕು? ಹನ್ನೊಂದು ತಿಂಗಳಿಂದ ನಾನೂ ನಿಂತೇ ಇದ್ದೇನೆ. ನೀವಾಗಿ ಕರೆಯುತ್ತೀರಿ ಅಂತ ಕಾದೆ. ಕಾಯುವುದು ಮರ್ಯಾದೆಯೋ, ಬರೀ ಜಂಭವೋ, ನನಗೇ ಗೊತ್ತಾಗುತ್ತಿಲ್ಲ.

ಅಪ್ಪ ಏನಾದರೂ ಹೇಳಿದ್ದಾರಾ ಅಂತ ಮಗಳನ್ನು ಕೇಳಿದೆ. ಫೋನಿನಿಂದ ತಲೆ ಎತ್ತದೆ, ನಾನೇನು ನಿಮ್ಮಿಬ್ಬರ ಪೋಸ್ಟ್ ಆಫೀಸಾ, ಬೇಕಾದರೆ ನೀನೇ ಕೇಳು ಅಂತ ಇಂಗ್ಲಿಷಿನಲ್ಲಿ ಅಂದಳು. ಅಪ್ಪ ಬೇಸ್‌ಬಾಲ್ ನೋಡುವುದು ಅವಳಿಗೆ ಮೊದಲೇ ಗೊತ್ತಂತೆ. ಬ್ರಿಸ್ಬೇನಿನಲ್ಲೂ ಶುಕ್ರವಾರ ತಪ್ಪಿಸುವುದಿಲ್ಲವಂತೆ. ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

ಅದಕ್ಕೇ ಕೇಳುತ್ತಿದ್ದೇನೆ. ನಾನು ಬರಲೇ, ಬೇಡವೇ? ಊಟದ ವಿಷಯ ಬಿಟ್ಟು ಇಷ್ಟಕ್ಕೆ ಉತ್ತರ ಕೊಡಿ. ಬಸವಂತಪ್ಪನವರಿಗೆ ಫೋನು ಮಾಡಿ, ನಮ್ಮನೆಯವರಿಗೆ ಅವತ್ತು ಕೆಲಸ ಇರಲಿಲ್ಲ, ನಾನು ಸುಳ್ಳು ಹೇಳಿದೆ ಅಂತ ಹೇಳಿದ್ದೇನೆ. ಅವರು ನನಗಾಗಲೇ ಗೊತ್ತಿತ್ತಮ್ಮ ಅಂದರು.

ನಿಮ್ಮವಳು ಅಂತ ಬರೆಯಬಹುದೋ ಬಾರದೋ ತಿಳಿಯದ,
ಜಯ

ತಾ.ಕ.: ಬ್ರಿಸ್ಬೇನ್, ಶನಿವಾರ, ೨೩ ಜನವರಿ. ಅಡಿಲೇಡಿನಿಂದ ಪರ್ತಿಗೆ ಹೋಗಲಿಲ್ಲ. ಕ್ಲಿನಿಕ್ಕಿಗೆ ಜ್ವರ ಅಂತ ಹೇಳಿ ಇಲ್ಲಿಗೆ ಬಂದೆ. ನಿನ್ನೆ ಸಂಜೆ ನ್ಯೂಮಾರ್ಕೆಟ್ ಮೈದಾನದಲ್ಲಿ ನಿಮ್ಮ ಹಿಂದೆ ನಾಲ್ಕನೇ ಸಾಲಿನಲ್ಲಿ ಕೂತಿದ್ದೆ. ಎದ್ದು ಬಂದು ಪಕ್ಕದಲ್ಲಿ ಕೂರಬೇಕು ಅಂತಲೇ ಬಂದದ್ದು. ಪಕ್ಕದವನು ಏನೋ ಅಂದ, ನೀವು ತಲೆ ಹಿಂದಕ್ಕೆ ಹಾಕಿ ನಕ್ಕಿರಿ. ಆ ನಗು ಕೇಳಿ ಎಷ್ಟು ವರ್ಷವಾಗಿತ್ತು! ನನ್ನನ್ನು ನೋಡಿದರೆ ಅದು ನಿಂತುಹೋದೀತು ಅಂತ ಭಯವಾಯಿತು. ಈ ಆಟದ ಪದ್ಧತಿಯಂತೆ ಏಳನೇ ಸುತ್ತಿನ ನಡುವೆ ಮೈಮುರಿದು ಹಾಡಲು ಎಲ್ಲರೂ ಎದ್ದರಲ್ಲ, ಆಗ ನಾನೂ ಎದ್ದೆ, ಎದ್ದವಳು ಹೊರಗೆ ಬಂದುಬಿಟ್ಟೆ.

ಈಗ ಬೆಳಿಗ್ಗೆ ಒಂಬತ್ತೂವರೆ. ನಿಮ್ಮ ಮನೆಯ ಎದುರಿನ ಬಸ್ ಸ್ಟಾಪಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನೀವು ಎದ್ದು ಪರದೆ ಸರಿಸಿದ್ದು ಕಂಡಿತು. ಬಾಗಿಲು ತಟ್ಟಲು ಕೈ ಬರುತ್ತಿಲ್ಲ, ಕಾಗದವನ್ನು ಬಾಗಿಲ ಕೆಳಗೆ ತೂರಿಸಿ ಮತ್ತೆ ಇಲ್ಲೇ ಬಂದು ಕೂರುತ್ತೇನೆ. ಓದಿ ಮುಗಿಸಿದ ಮೇಲೆ ಹೊರಗೆ ನೋಡಿ. ಬೇಡ ಅನ್ನಿಸಿದರೆ ಪರದೆ ಎಳೆದುಬಿಡಿ, ತಪ್ಪು ತಿಳಿಯುವುದಿಲ್ಲ, ಪರ್ತಿಗೆ ಟಿಕೆಟ್ ತೆಗೆದುಕೊಳ್ಳುತ್ತೇನೆ. ಇನ್ನೂ ತೆಗೆದುಕೊಂಡಿಲ್ಲ.