ಎರಡೂವರೆ ನಿಮಿಷದ ಹಾಳೆ

ಮೂರನೇ ಮಹಡಿ,
ಗುರುವಾರ, ಸಂಜೆ ಐದೂವರೆ

ಮಹಾರಾಜಶ್ರೀ ನಕಲುಗಾರರ ಸನ್ನಿಧಾನಕ್ಕೆ, ಅವರ ಧರ್ಮಪತ್ನಿಯೂ ನಾಲ್ಕು ತಿಂಗಳಿನಿಂದ ಅವರಿಂದ ಬಹಿಷ್ಕೃತಳೂ ಆದ ಸಂಗೀತ ಸಂಯೋಜಕಿಯ ನಮಸ್ಕಾರಗಳು.

ನಾನು ಕ್ಷೇಮ. ನೀವು ನಾದಿನಿಯ ಮನೆಯಲ್ಲಿ ಎರಡು ಕಿಲೋ ದಪ್ಪ ಆಗಿದ್ದೀರಂತೆ, ಆದ್ದರಿಂದ ಕ್ಷೇಮವೆಂದೇ ತಿಳಿಯುತ್ತೇನೆ. ನನ್ನ ಕೃತಿಗಳಿಂದ ಒಬ್ಬೊಬ್ಬ ವಾದಕರ ಪಾಲನ್ನೂ ನೀವು ಕೈಯಲ್ಲಿ ನಕಲು ಮಾಡುತ್ತಿದ್ದ ಮೇಜು, ನಿಬ್ಬು, ಮಸಿಬಾಟಲಿ ಎಲ್ಲ ಇದ್ದಲ್ಲೇ ಇವೆ. ಧೂಳು ಒರೆಸಿಲ್ಲ, ಒರೆಸಿದರೆ ರಾಜಿಯಾದ ಹಾಗೆ ಕಾಣುತ್ತದೆ.

ವಿಷಯ ಇಷ್ಟು. ಬರುವ ಮಂಗಳವಾರ ನನ್ನ ಕೃತಿಯನ್ನು ಎರಡನೇ ಸಲ ನುಡಿಸುತ್ತಾರಂತೆ. ಇಪ್ಪತ್ತೆರಡು ವರ್ಷದಲ್ಲಿ ಹದಿನೇಳು ಕೃತಿ ಬರೆದೆ; ಹದಿನೇಳೂ ಹುಟ್ಟಿದ ಸಂಜೆಯೇ ಸ್ವರ್ಗಸ್ಥವಾದವು. ಸತ್ತ ಸಂಯೋಜಕರನ್ನು ವಾರವಾರವೂ ನುಡಿಸುತ್ತಾರೆ, ಬದುಕಿರುವುದೇ ನಮ್ಮ ಅಪರಾಧ. ಅಂಥದರಲ್ಲಿ ಎರಡನೇ ಸಲ. ಆದರೆ ಅವರು ನುಡಿಸಲು ಹೊರಟಿರುವುದು ನನ್ನ ಕೃತಿಯನ್ನಲ್ಲ, ಅದರೊಳಗಿನ ತೂತನ್ನು.

ನಿಮಗೆ ನೆನಪಿಸಬೇಕಾಗಿಲ್ಲ, ಆದರೂ ನೆನಪಿಸುತ್ತೇನೆ, ಹೆಂಡತಿಯ ಹಕ್ಕು. ಕೃತಿಯ ನಡುವೆ ಇಡೀ ವಾದ್ಯವೃಂದ ಸುಮ್ಮನಾಗಿ, ಪಿಟೀಲಿನ ದಪ್ಪದನಿಯ ಅಕ್ಕ ವಯೋಲಾ ಒಂದೇ ಎರಡೂವರೆ ನಿಮಿಷ ನುಡಿಯಬೇಕಿತ್ತು. ಆ ಭಾಗವನ್ನು ಕೊನೆಗೆ ಬೇರೆ ಹಾಳೆಯ ಮೇಲೆ ಬರೆದೆ. ನೀವು ಹಾಳೆ ಬಂದಿಲ್ಲ ಎಂದಿರಿ, ನಾನು ಕೊಟ್ಟಾಯ್ತು ಹುಡುಕಿ ಎಂದೆ. ತಾಲೀಮಿನಲ್ಲಿ ವಾದ್ಯವೃಂದದ ನಿರ್ದೇಶಕರು, "ಅದು ವಯೋಲಾ ಅಮ್ಮನದೊಂದೇ ತಾನೆ, ಮನೇಲಿ ನೋಡ್ಕೋತಾರೆ, ಮುಂದಕ್ಕೆ ಹೋಗೋಣ" ಎಂದು ಹಾರಿಸಿದರು. ಪ್ರದರ್ಶನದ ದಿನ ವಯೋಲಾ ಅಮ್ಮನ ಮುಂದೆ ಇದ್ದದ್ದು ಖಾಲಿ ಜಾಗ. ಆಕೆ ನಿರ್ದೇಶಕರನ್ನು ನೋಡಿದರು. ನಿರ್ದೇಶಕರು ಆಕೆಯನ್ನು ನೋಡಿದರು. ಹೊಸ ಸಂಗೀತವಲ್ಲವೇ, ಎದುರಿನವರು ಏನೋ ಗಹನವಾದದ್ದನ್ನು ಮಾಡುತ್ತಿದ್ದಾರೆ ಎಂದು ಇಬ್ಬರೂ ನಂಬಿದರು. ಎರಡೂವರೆ ನಿಮಿಷ ಅವರ ಕೈ ಗಾಳಿಯಲ್ಲಿ, ಇವರ ಕಮಾನು ಗಾಳಿಯಲ್ಲಿ, ನನ್ನ ಕೃತಿಯೂ ಗಾಳಿಯಲ್ಲಿ. ಮೂರನೇ ಸಾಲಿನಲ್ಲಿ ಯಾರೋ ಸೀನಿದ್ದೂ ಕೃತಿಯ ಭಾಗವಾಯಿತು.

ಪತ್ರಿಕೆಯ ವಿಮರ್ಶಕರು ಆ "ದಿಟ್ಟ ಮೌನ"ವನ್ನು ಎರಡು ಕಾಲಂ ಹೊಗಳಿದರು. ನಾನು ಬರೆದ ಹದಿನೆಂಟು ನಿಮಿಷಕ್ಕೆ ಒಂದೂವರೆ ಸಾಲು.

ಅಂದು ವೇದಿಕೆಯ ಹಿಂದೆ, ಅರವತ್ತು ಜನ ವಾದಕರ ಎದುರಿಗೆ, "ಒಂದು ಹಾಳೆ ಜೋಪಾನ ಮಾಡೋಕಾಗದವರು ನನ್ನ ಸಂಗೀತ ಮುಟ್ಟಬೇಡಿ" ಎಂದು ನಾನು ನಿಮಗೆ ಅಂದದ್ದು ನಿಜ. ನೀವು ತುಟಿ ಬಿಚ್ಚದೆ ಕೋಟು ಹಾಕಿಕೊಂಡು ಹೊರಟಿರಿ. ನಿಮ್ಮ ಮೌನವನ್ನು ಮಾತ್ರ ಯಾರೂ ಹೊಗಳಲಿಲ್ಲ.

ಇವತ್ತು ಮಧ್ಯಾಹ್ನ ನಿರ್ದೇಶಕರ ಕೋಣೆಗೆ ಹೋಗಿ, ವಯೋಲಾ ನುಡಿಯಲೇಬೇಕು ಎಂದೆ. "ಮೇಡಂ, ಜನ ಆ ಮೌನ ಕೇಳೋಕೇ ಟಿಕೆಟ್ ತಗೊಂಡಿದ್ದಾರೆ" ಎಂದರು. ಹಾಗಾದರೆ ಮನೆಯಲ್ಲೇ ಕೂತಿರಲಿ, ಅಲ್ಲಿ ಇನ್ನೂ ಚೆನ್ನಾಗಿ ಕೇಳುತ್ತದೆ ಎಂದೆ. ಅವರು ಕನ್ನಡಕ ತೆಗೆದು, "ಈ ಮೌನದಿಂದಲೇ ನಾಲ್ಕು ಜನಕ್ಕೆ ನಿಮ್ಮ ಹೆಸರು ಗೊತ್ತಾಗಿದೆ. ಅದನ್ನೂ ಕೆಡಿಸ್ಕೋತೀರಾ?" ಎಂದರು. ನಾನು ಬರೆಯದೆ ಇದ್ದದ್ದಕ್ಕೆ ಬರುವ ಹೆಸರು ನನಗೆ ಬೇಡ, ನುಡಿಸದಿದ್ದರೆ ಕೃತಿಯನ್ನೇ ವಾಪಸ್ ತಗೋತೀನಿ ಎಂದುಬಿಟ್ಟೆ. ಎರಡನೇ ಸಲ ಎಂಬುದು ನನಗೆ ಎಷ್ಟು ಆಸೆಯ ವಿಷಯ ಎಂದು ನಿಮಗೊಬ್ಬರಿಗೇ ಗೊತ್ತು.

ಕಳೆದುಹೋದ ಹಾಳೆ ಎಲ್ಲಿಂದ ತರ್ತೀರಿ ಎಂದು ಕೇಳಿದರು. ಅದು ನನ್ನ ಪಾಲಿನ ಕೆಲಸ ಎಂದೆ, ಅವರ ಗೋಡೆಯ ಗಡಿಯಾರವನ್ನು ನೋಡುತ್ತಾ. ಕೊನೆಗೆ ತೀರ್ಪು ಬಂತು: ಸೋಮವಾರ ಬೆಳಿಗ್ಗೆ ಹತ್ತರ ತಾಲೀಮಿಗೆ ಶುದ್ಧ ಪ್ರತಿ ಸ್ಟ್ಯಾಂಡಿನ ಮೇಲಿದ್ದರೆ ನುಡಿಸುತ್ತಾರೆ, ಇಲ್ಲದಿದ್ದರೆ ಕೃತಿ ಕಾರ್ಯಕ್ರಮದಿಂದ ಹೊರಗೆ.

ವಯೋಲಾ ಅಮ್ಮನಿಗೆ ನನ್ನ ಕೈಬರಹ ಆಗುವುದಿಲ್ಲ. "ಇರುವೆ ಮಸಿಗೆ ಬಿದ್ದು ಎದ್ದು ಓಡಿದ ಹಾಗಿದೆ, ನಿಮ್ಮ ಯಜಮಾನರ ಕೈಲೇ ಬರೆಸಿ" ಎಂದರು. ಆದ್ದರಿಂದ ಈ ಪತ್ರ. ಇದು ರಾಜಿಯಲ್ಲ, ಕೆಲಸ. ಅಪಾರ್ಥ ಮಾಡಿಕೊಳ್ಳಬೇಡಿ.

ಪುಕ್ಕಟೆ ಚಪ್ಪಾಳೆಗೆ ತಲೆಬಾಗದ,
ಈಗಲೂ ತಮ್ಮ,
ಮನೆಯಾಕೆ

ಮರೆತ ಮಾತು: ಹಾಳೆ ಈ ಲಕೋಟೆಯಲ್ಲೇ ಇದೆ. ತಿರುಗಿಸಬೇಡಿ ಎಂದರೆ ತಿರುಗಿಸುತ್ತೀರಿ, ಅದಕ್ಕೆ ನಾನೇ ಹೇಳುತ್ತೇನೆ: ಹಿಂಬದಿಯಲ್ಲಿ "ಮೊಟ್ಟೆ, ಸೋಪು, ಬಲ್ಬು ಎರಡು" ಎಂದಿದೆ. ಅಕ್ಷರ ಅದೇ ಇರುವೆಯದು. ನೀವು ಹೋದ ಮೂರನೇ ವಾರ ನನ್ನ ಮಳೆಕೋಟಿನ ಜೇಬಿನಲ್ಲಿ ಸಿಕ್ಕಿತು. ಅಂದಿನಿಂದ ಸುಮ್ಮನಿದ್ದೆ, ಆ ಮೌನ ದಿಟ್ಟದ್ದಲ್ಲ. ಸೋಮವಾರ ಹತ್ತಕ್ಕೆ, ಅದೇ ಅರವತ್ತು ಜನರ ಮುಂದೆ, ಹಾಳೆ ಎಲ್ಲಿತ್ತು ಎಂದು ನಾನೇ ಹೇಳುತ್ತೇನೆ. ಬಂದು ಕೇಳಿಸಿಕೊಳ್ಳಿ. ವಯೋಲಾ ನುಡಿಸುವುದು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದರೆ, ನಕಲು ಮಾಡುತ್ತಾ ನೀವು ಶ್ರುತಿ ತಪ್ಪಿ ಗುನುಗುತ್ತೀರಲ್ಲ, ಅದೇ. ತಪ್ಪಿದ್ದನ್ನು ನಾನು ತಿದ್ದಿಲ್ಲ. ನೀವೂ ತಿದ್ದಬೇಡಿ.