ಬೋರ್ಡಿನ ಮೇಲೆ ಉಳಿದ ತಪ್ಪು

ಚಾಮರಾಜಪೇಟೆ,
ಜುಲೈ ೧೨, ೧೯೭೮

ಪ್ರೀತಿಯ ನೀಲಾ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಧಾರವಾಡದ ಮಳೆಯಲ್ಲಿ ಒದ್ದೆ ತಲೆಯಲ್ಲೇ ಟ್ರೇನಿಂಗಿಗೆ ಓಡಬೇಡ. ನಿನ್ನಮ್ಮ ಮೆಣಸಿನ ಕಷಾಯದ ಪುಡಿ ಕುಟ್ಟಿಟ್ಟಿದ್ದಾಳೆ, ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತೇನೆ. ನಾವು ಚೆನ್ನಾಗಿದ್ದೇವೆ. ನಿನ್ನ ಮಗಳು ಮಾತ್ರ ಚೆನ್ನಾಗಿಲ್ಲ. ಜ್ವರಗಿರ ಅಲ್ಲ, ಗಾಬರಿಯಾಗಬೇಡ.

ಲೀಲಳ ಟೀಚರು ಕಲ್ಯಾಣಮ್ಮನವರು ಬಾಯಿಲೆಕ್ಕ ಕೇಳುವ ರೀತಿ ನಿನಗೆ ಗೊತ್ತಲ್ಲ. ಸ್ಲೇಟು ಮುಟ್ಟುವಂತಿಲ್ಲ. ಉತ್ತರ ಹೊಳೆದವರು ಕೂಗದೆ ಎದೆಯ ಮೇಲೆ ಮುಷ್ಟಿ ಇಟ್ಟುಕೊಂಡು ಕಾಯಬೇಕು, ನಿಧಾನದ ಮಗುವಿಗೂ ಯೋಚಿಸಲು ಹೊತ್ತು ಸಿಗಲಿ ಅಂತ. ಆಮೇಲೆ ಬಂದ ಉತ್ತರಗಳನ್ನೆಲ್ಲ, ತಪ್ಪನ್ನೂ ಸೇರಿಸಿ, ಬೋರ್ಡಿನ ಮೇಲೆ ಬರೆದು "ಹೆಂಗ್ ಬಂತು, ಹೇಳ್ರೋ" ಎನ್ನುತ್ತಾರೆ. ಮಕ್ಕಳು ವಾದಕ್ಕಿಳಿಯುತ್ತವೆ. ಮಗ್ಗಿಯನ್ನು ಏಟಿನ ಜೊತೆಗೇ ನುಂಗಿದ ನನ್ನಂಥವನಿಗೆ ಅದನ್ನು ಕಂಡರೆ ಹೊಟ್ಟೆಕಿಚ್ಚು.

ಹೋದ ವಾರದ ಲೆಕ್ಕ, ಅರವತ್ತಮೂರರಲ್ಲಿ ಇಪ್ಪತ್ತೆಂಟು ಹೋದರೆ ಎಷ್ಟು? ಲೀಲ ನಲವತ್ತೈದು ಎಂದಳು. ಟೀಚರು ಬರೆದರು. ಓಬಳಪ್ಪನ ಮಗಳು "ಏ ಲೀಲಾ, ಎಂಟರಲ್ಲಿ ಮೂರು ಕಳ್ದಿದೀಯ ಕಣೇ, ಉಲ್ಟಾ!" ಎಂದಳಂತೆ. ಇನ್ನೊಬ್ಬ ಹುಡುಗ ಮೂವತ್ತು ಕಳೆದು, ಎರಡು ವಾಪಸು ಸೇರಿಸಿ ಮೂವತ್ತೈದು ತಂದ. ಲೀಲಳೂ "ಅಯ್ಯೋ, ಹೌದಲ್ವಾ!" ಎಂದು ನಕ್ಕಳಂತೆ. ಆ ಹೊತ್ತಿಗೆ ತಪಾಸಣೆಯ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಕಂಡದ್ದು ಗದ್ದಲ, ಮತ್ತು ಅಳಿಸದೆ ಬಿಟ್ಟ ನಲವತ್ತೈದು.

ಅವರ ದೂರಿನ ಮೇಲೆ ಭಾನುವಾರ ಪೋಷಕರ ಸಭೆ ಕರೆದರು. ಹೆಡ್‌ಮಾಸ್ಟರು ಚಕ್ರಪಾಣಿ ಕೇಳಿದ್ದು ಒಂದೇ ಮಾತು: "ತಪ್ಪು ಕಲಿಸೋ ಟೀಚರು ನಿಮ್ ಮಕ್ಕಳಿಗೆ ಬೇಡ ಅನ್ನೋರು ಕೈ ಎತ್ತಿ." ಮುಕ್ಕಾಲು ಪಾಲು ಕೈಗಳು ಎದ್ದವು. ನಾನು ಎದ್ದು ಬೈದೆ, ನೀಲಾ. ಮೊನ್ನೆ ಮೊನ್ನೆ ಎಮರ್ಜೆನ್ಸಿಯಲ್ಲಿ ಇಡೀ ದೇಶ ಬಾಯಿ ಮುಚ್ಚಿ ಕೂತಿದ್ದಾಗ "ಎಷ್ಟು ಶಿಸ್ತು ನೋಡಿ" ಎಂದು ಹೊಗಳಿದವರೇ ಅಲ್ಲವೇನ್ರೀ ನೀವು, ಈಗ ಮಕ್ಕಳ ಬಾಯಿಗೂ ಬಂದಿರಾ ಎಂದೆ. "ಯಜಮಾನ್ರೇ, ಕೂತ್ಕೊಳ್ಳಿ, ಬೀಪಿ ಏರುತ್ತೆ" ಎಂದು ಯಾರೋ ನಗಿಸಿದರು.

ಕಲ್ಯಾಣಮ್ಮನವರನ್ನು ಸದ್ಯಕ್ಕೆ ಮನೆಯಲ್ಲಿರಲು ಹೇಳಿದ್ದಾರೆ. ಬರುವ ವಾರ ಶನಿವಾರ ಮಧ್ಯಾಹ್ನ ಕಡೆಯ ತೀರ್ಮಾನ. ಲೀಲ ಈಗ ಯಾವ ಅಂಕಿಯನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಎಷ್ಟು ಇಡ್ಲಿ ಹಾಕಲಿ ಎಂದರೂ ಅಜ್ಜಿಯ ಮುಖ ನೋಡುತ್ತಾಳೆ. "ನಾನ್ ಸರಿಯಾಗಿ ಹೇಳಿದ್ದಿದ್ರೆ ಟೀಚರ್ ಇರ್ತಿದ್ರು, ಅಲ್ವಾ ತಾತ?" ಎಂದಳು.

ಶಿವ ನಿನ್ನನ್ನು ಆರೋಗ್ಯವಾಗಿಟ್ಟಿರಲಿ. ನಿನ್ನಮ್ಮನ ಆಶೀರ್ವಾದವೂ ಇದರಲ್ಲಿದೆ.

ನಿನ್ನ ಅಪ್ಪ,
ಏಕಾಂತಯ್ಯ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಎದ್ದ ಕೈಗಳಲ್ಲಿ ಅಳಿಯಂದಿರದೂ ಒಂದು. ಕೇಳಿದರೆ "ಎಲ್ರೂ ಎತ್ತಿದ್ರು, ಮಾವ" ಎಂದರು. ನನ್ನ ಮಾತು ಅವರಿಗೆ ನಾಟುವುದಿಲ್ಲ, ನಿನ್ನದು ನಾಟುತ್ತದೆ. ರಜೆ ಹಾಕಿ ಶುಕ್ರವಾರ ಬೆಳಗ್ಗೆಯೇ ಇಲ್ಲಿರು. ಲೀಲಳಿಗೆ ಇದು ಗೊತ್ತಿಲ್ಲ. "ಶನಿವಾರ ನಮ್ಮಪ್ಪ ಟೀಚರ್ ಪರವಾಗಿ ಮಾತಾಡ್ತಾರೆ" ಎಂದು ಬೀದಿಯ ಮಕ್ಕಳಿಗೆಲ್ಲ ಹೇಳಿಕೊಂಡು ಈಗಷ್ಟೇ ಒಳಗೆ ಬಂದಳು.