ತುಪ್ಪಳಿಗೆ ಮರದ ಬರಿಹೂವು

ಮಂಜುಬೋರೆ ಬೆಟ್ಟ, ಇಸವಿ 2243ರ ಫಾಲ್ಗುಣ. ನಮ್ಮ ಎಣಿಕೆಯಲ್ಲಿ ನೂರ ಎಪ್ಪತ್ತೈದನೆಯ ಬರಿಹೂವು, ಅಂದರೆ ಕಾಯಿ ಕಟ್ಟದೆ ಉದುರಿದ ಹೂವು.

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮ ಹಾಡಿಯ ಕುನ್ನಮ್ಮ, 2071ರಲ್ಲಿ, ಮೂರನೆಯ ಬರಿಹೂವು ಉದುರಿದ ಸಂಜೆ. ನಾನು ಅದೇ ಹಾಡಿಯ ರಂಗಮಾದಿ. ಕಥೆ ಹೇಳುವುದು ನನ್ನ ಕೆಲಸ. ಹಿಂದಿನವರೇ, ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದು. ನನ್ನ ಅಜ್ಜಿಯ ಅಜ್ಜಿಗೂ ನೀವು ಹಿರಿಯರು. ಆದರೆ ನಿಮ್ಮಲ್ಲಿ ಕೆಲವರು ಈಗಿನ್ನೂ ತೊಟ್ಟಿಲಲ್ಲಿ ಇರಬಹುದು. ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಇದು ಹಿಂದೋಲೆ. ನಮ್ಮ ಕಾಲದಲ್ಲಿ ಪ್ರತಿಯೊಬ್ಬರೂ ಆಯುಸ್ಸಿನಲ್ಲಿ ಒಮ್ಮೆ ಹಿಂದಿನವರಿಗೆ ಕಾಗದ ಬರೆದು ಗಡಿಗೆಯಲ್ಲಿಟ್ಟು ಹೂಳುತ್ತೇವೆ. ಯಾರಿಗೂ ಈವರೆಗೆ ಉತ್ತರ ಬಂದಿಲ್ಲ.

ಮರವನ್ನು ಮೊದಲು ವರ್ಣಿಸುತ್ತೇನೆ. ನೀವು ಕಂಡರೆ ಗುರುತು ಹಿಡಿಯಬೇಕಲ್ಲ. ತುಪ್ಪಳಿಗೆ ಬೆಟ್ಟದ ನೆತ್ತಿಯ ಕಣಿವೆ ಕಾಡಿನಲ್ಲಿ ಮಾತ್ರ ಬೆಳೆಯುತ್ತದೆ. ಗಾಳಿಗೆ ಬಾಗಿ ಬಾಗಿ ಐದಾಳೆತ್ತರಕ್ಕೆ ನಿಂತುಬಿಡುವ ಮರ. ತೊಗಟೆ ಬೂದು, ಉಗುರಿನಿಂದ ಕೆರೆದರೆ ಒಳಗೆ ಕೆಂಪು. ಚಿಗುರು ತಾಮ್ರದ ಬಣ್ಣ. ಬಲಿತ ಎಲೆ ದಪ್ಪಗೆ, ಮೇಲೆ ಕಡುಹಸಿರು, ಅಡಿಯಲ್ಲಿ ಮೊಲದ ಕಿವಿಯಂಥ ಬಿಳಿ ತುಪ್ಪಳ. ಆ ತುಪ್ಪಳ ಮಂಜನ್ನು ಹಿಡಿದು ಹನಿ ಹನಿಯಾಗಿ ಬೇರಿಗೆ ಇಳಿಸುತ್ತದೆ. ಅದನ್ನು ನೋಡಿಯೇ ನಾವು ಮಂಜುಜರಡಿ ನೇಯಲು ಕಲಿತದ್ದು. ಮನೆಯ ಮುಂದೆ ಸೀರೆಯಂತೆ ಕಟ್ಟುವ ಬಲೆ ಅದು. ಬೆಳಗಾಗುವುದರೊಳಗೆ ಎರಡು ಬಿಂದಿಗೆ ನೀರು ಕೊಡುತ್ತದೆ. ಅಡುಗೆ, ಸ್ನಾನ, ಕೋಳಿಗಳ ಬಾಯಾರಿಕೆ ಎಲ್ಲವೂ ಅಷ್ಟರಲ್ಲೇ ಆಗಬೇಕು. ಹೂವು ಕೆನೆಬಣ್ಣದ್ದು, ಹಳೆಯ ಕೊಂಬೆಗಳ ಮೇಲೆ ಗೊಂಚಲಾಗಿ ಬಿಡುತ್ತದೆ. ಹಣ್ಣು ನೆಲ್ಲಿಕಾಯಿಯಷ್ಟು, ಕಪ್ಪು ನೇರಳೆ ಬಣ್ಣವಂತೆ. ನಾನು ಕಂಡಿಲ್ಲ. ಕಂಡವರನ್ನು ಕಂಡವರೂ ಈಗ ಇಲ್ಲ.

ನಮ್ಮವರಲ್ಲಿ ಒಂದು ಕಟ್ಟಳೆ ಇತ್ತು: ಕಾಯಿ ಕೊಡುವ ಮರಕ್ಕೆ ಕೊಡಲಿ ಇಡಬಾರದು. ಹೊಸ ಮನೆಯ ತೊಲೆಗೆ ಮಂಜಿಗೂ ಕೊಳೆಯದ ತುಪ್ಪಳಿಗೆಯೇ ಬೇಕು. ಹಾಗಾಗಿ ತಲೆತಲಾಂತರ ಕಾಯಿ ಬಿಡದ ಮರಗಳನ್ನು ಹುಡುಕಿ ಕಡಿದರು. 2068ರಲ್ಲಿ ಕುನ್ನಮ್ಮನ ಮಗ ಜಡಿಯ ತೊಲೆಗೆಂದು ಹೊರಟಾಗ ತಾಯಿಯೇ ಜೊತೆಗೆ ಹೋಗಿ ಮರ ತೋರಿಸಿದಳು.

"ಲೋ ಜಡಿಯಾ, ಹೊಡೆದುಬುಟ್ಟಿಯೆ ಅದ್ಕ! ಅದು ಕಾಯಿ ಕೊಡೋ ತಾಯಿ ಕನ್ಲಾ. ಆ ಪಕ್ಕದ್ದ ನೋಡು, ಮೈತುಂಬ ಹೂ ಬುಟ್ಕಂಡು ಬರೀ ಶೋಕಿ. ಅದ ಕಡಿ."

"ಮೆಲ್ಲಗ ಬೈಯವ್ವ, ಮರಕ್ಕೂ ಮಾನ ಅದೆ," ಎಂದ ಮಗ.

ಸಂಜೆ ಅವನು ಮರ ಹೊತ್ತು ಬಂದಾಗ ಹೆಗಲೆಲ್ಲ ಹಳದಿ ಪುಡಿ. ಕುನ್ನಮ್ಮ ನಕ್ಕಳು: "ಏನ್ಲಾ, ಮದುವೆ ಗಂಡಿನಂಗೆ ಅರಿಸಿನ ಬಳ್ಕಂಡು ಬಂದಿದ್ದಿಯೆ?"

ಮುಂದಿನ ವರ್ಷ ತಾಯಿಮರ ಹೂ ಬಿಟ್ಟಿತು, ಕಾಯಿ ಕಟ್ಟಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಮೂರನೆಯ ವರ್ಷ ಕುನ್ನಮ್ಮ ಒಂದು ಹೂವನ್ನು ಬಿಡಿಸಿ ನೋಡಿದಳು. ನಡುವೆ ಪುಟ್ಟ ಹಸಿರು ಗುಂಡು ಇತ್ತು. ಹಳದಿ ಪುಡಿ ಇರಲಿಲ್ಲ. ಮಗನ ಹೆಗಲು ಆಗ ನೆನಪಾಯಿತು. ಬರಡು ಎಂದು ಕಡಿದವೆಲ್ಲ ಗಂಡು ಮರಗಳು. ಆ ಸಂಜೆ ಅಂಗಳಕ್ಕೆ ಎಲ್ಲರನ್ನೂ ಕರೆದು, ತಪ್ಪು ತನ್ನದೆಂದು ಕಥೆ ಹೇಳಿದಳು. ಆಮೇಲೆ ಏಳು ಬೆಟ್ಟ ಹುಡುಕಿದರು. ಗಂಡು ಮರ ಒಂದೂ ಸಿಗಲಿಲ್ಲ.

ನಾವು ಸುಮ್ಮನೆ ಕೂತಿಲ್ಲ. ಕೊಂಬೆ ಕಡಿದು ನೆಟ್ಟೆವು, ಒಂಬತ್ತು ಬದುಕಿದವು. ಹೆಣ್ಣಿನ ಕೊಂಬೆ ಹೆಣ್ಣೇ ಆಯಿತು, ಅವೂ ಬರಿಹೂವನ್ನೇ ಬಿಟ್ಟವು. ಸೆಕೆ ಹೆಚ್ಚಿದಂತೆ ಮಂಜು ಮೇಲೆ ಸರಿಯುತ್ತಿದೆ. ಮರಗಳನ್ನೂ ಮೇಲೆ ನೆಡೋಣವೆಂದರೆ ಬೆಟ್ಟ ಅಲ್ಲಿಗೆ ಮುಗಿದಿದೆ. ಒಂಬತ್ತೂ ಒಣಗಿದವು, ಉಳಿದ ಹಳೆಯ ಹೆಣ್ಣು ಮರಗಳೂ ಒಣಗಿದವು. ಈಗ ತಾಯಿಮರವೂ ತುದಿಯಿಂದ ಒಣಗುತ್ತಿದೆ. ಇನ್ನೊಂದು ಹೂವು ನೋಡುತ್ತೇವೋ ಇಲ್ಲವೋ.

ಹಿಂದಿನವರೇ, ನಿಮ್ಮ ಕಾಲದಲ್ಲಿ ಆ ಗಂಡು ಮರ ಇನ್ನೂ ನಿಂತಿದೆ. ಮೈತುಂಬ ಹೂ ಬಿಟ್ಟು ಏನೂ ಕೊಡದ ಹಾಗೆ ಕಾಣುತ್ತದೆ. ದಯವಿಟ್ಟು ಅದನ್ನು ಬಿಟ್ಟುಬಿಡಿ. ಮಣ್ಣಿನ ಗಡಿಗೆ ಹಿಂದಕ್ಕೆ ನಡೆಯುವುದಿಲ್ಲವೆಂದು ನನಗೂ ಗೊತ್ತು. ಆದರೂ ಕೇಳದೆ ಇರಲಾರೆ.

ನಿನ್ನೆ ಸಂಜೆ ಈ ಕಥೆಯನ್ನು ಮತ್ತೆ ಹಾಡಿಯವರಿಗೆ ಹೇಳಿದೆ. ಕೇಳಿ ಎಲ್ಲರೂ ಎದ್ದು ಮನೆಗೆ ಹೋದರು. ಇಂದು ಬೆಳಿಗ್ಗೆ ನಾನು ಬೆಟ್ಟ ಹತ್ತುವಷ್ಟರಲ್ಲಿ ಎಲ್ಲರೂ ತಾಯಿಮರದಡಿ ಇದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕೋಳಿಗರಿ. ದಾರಿಯಲ್ಲಿ ಸಿಕ್ಕ ಸಿಕ್ಕ ಮರದ ಹೂವಿನ ಪುಡಿಯನ್ನು ಗರಿಗೆ ಅಂಟಿಸಿಕೊಂಡು ಬಂದಿದ್ದರು. ಜೇನು ಕೀಳುವ ಏಣಿ ಆಗಲೇ ಕೊಂಬೆಗೆ ಒರಗಿತ್ತು. ಎಂಬತ್ತು ದಾಟಿದ ಬೇದಮ್ಮ ಸೆರಗು ಸಿಕ್ಕಿಸಿಕೊಂಡು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು.

"ಬೇರೆ ಮರದ ಪುಡಿ ಇದ್ಕ ಹಿಡಿಯಕಿಲ್ಲ ಕನವ್ವಾ," ಎಂದೆ.

"ಗೊತ್ತು ಕನಾ," ಎಂದಳು. "ಏಣಿ ಹಿಡ್ಕೊ."